ಮಿಸ್ತ್ರಿಯ ಮೂಗು

ಯಲ್ಲಾಪುರದ ಮೋಟಾರು ಮಿಸ್ತ್ರಿ ಜಲೀಲ್ ಸಾಹೇಬರು ಎಂಜಿನ್ನಿನ ಕಾಯಿಲೆಯನ್ನು ಮೂಗಿನಿಂದಲೇ ಹಿಡಿಯುವವರು. ಮಾಮಲೇದಾರರ ಕಾರಾಗಲಿ, ಬಾಡಿಗೆ ಮೋಟಾರಾಗಲಿ, ಅರಬೈಲು ಘಟ್ಟದಲ್ಲಿ ಜಗ್ಗಿ, ತಡವರಿಸಿ, ಕುಂಟುತ್ತ ಬಂದರೆ ಅದರ ಹಿಂದೆ ಕುಕ್ಕರುಗಾಲಲ್ಲಿ ಕೂತು ಹೊಗೆ ಮೂಸಿ, "ಒಂದು ಪ್ಲಗ್ಗು ಕೆಲಸ ಮಾಡ್ತಾ ಇಲ್ಲ ಸಾವ್ಕಾರ್ರೇ, ಪೆಟ್ರೋಲು ಉರೀದೆ ಹಸೀನೇ ಹೊರಗೆ ಬರ್ತದೆ" ಎನ್ನುತ್ತಾರೆ. ಡ್ರೈವರುಗಳು, "ಈ ಮೂಗಿಗೆ ಸರಕಾರ ಪಗಾರ ಕೊಡಬೇಕು" ಎಂದು ನಗುತ್ತಾರೆ. ಮಸಿ ಹಿಡಿದ ಪ್ಲಗ್ಗುಗಳು ಮನೆಗೆ ಬರುತ್ತವೆ. ಹೆಂಡತಿ ರಹಿಮತ್ಬಿ ಅನ್ನದ ಪಾತ್ರೆ ಇಳಿಸಿ, ಅವನ್ನು ಕೆಂಡದಲ್ಲಿ ಸುಟ್ಟು, ಬೂದಿ ಹಚ್ಚಿ ತಿಕ್ಕಿ ಬೆಳ್ಳಗೆ ಮಾಡಿಕೊಡುತ್ತಾಳೆ. ಪೇಟೆಯಲ್ಲಿ ಅದಕ್ಕೆ ಸಾಹೇಬರ ಕೈಗುಣ ಎಂದು ಹೆಸರು. ಊಟಕ್ಕೆ ಕೂತಾಗ ಮಾತ್ರ ಅವರು ಮುಖ ಸಿಂಡರಿಸುತ್ತಾರೆ. "ಅನ್ನಕ್ಕೂ ಪೆಟ್ರೋಲು ವಾಸ್ನೆ ಹತ್ತಿಸಿಟ್ಟಿದ್ದೀಯಲ್ಲೇ!" ತಟ್ಟೆ ಪಕ್ಕಕ್ಕೆ ಸರಿಯುತ್ತದೆ, ಒಲೆಯ ಮೇಲೆ ಬೇರೆ ಅನ್ನ ಏರುತ್ತದೆ. ಮೊನ್ನೆ ಶಿರಸಿಯಿಂದ ಬಂದ ತಮ್ಮ ಅಕ್ಕನ ಎದುರೇ ಎರಡನೆಯ ತಟ್ಟೆಯನ್ನೂ ತಳ್ಳಿದರು. ಮತ್ತೆ ಅಕ್ಕಿ ತೊಳೆಯಲು ರಹಿಮತ್ಬಿ ಏಳಲಿಲ್ಲ. "ವಾಸ್ನೆ ಅನ್ನದ್ದಲ್ರೀ, ನಿಮ್ಮ ಕೈ ಮೂಸಿ ನೋಡಿ" ಎಂದಳು. ಸಾಹೇಬರು ಬೆರಳುಗಳನ್ನು ಮೂಗಿಗೆ ಹಿಡಿದರು. "ಊರ ಗಾಡೀನೆಲ್ಲ ಮೂಸ್ತೀಯ, ನಿನ್ನ ಕೈ ಮೂಸಿ ಗೊತ್ತಿಲ್ವೇನೋ?" ಎಂದು ಅಕ್ಕ ನಕ್ಕಳು. ಅವರು ಎದ್ದು ಹೋಗಿ ಸೀಗೆಪುಡಿ ಹಾಕಿ ತಿಕ್ಕಿ ತಿಕ್ಕಿ ಕೈ ತೊಳೆದು ಬಂದಾಗ, ತಾವು ತಳ್ಳಿದ ಎರಡೂ ತಟ್ಟೆಗಳು ಅಡುಗೆಮನೆಯಲ್ಲಿ ರಹಿಮತ್ಬಿಯ ಮುಂದಿದ್ದವು. ದಿನವೂ ಅವಳ ಊಟ ಅದೇ ಎಂಬುದು ಅವರಿಗೆ ಆಗಲೇ ತಿಳಿದದ್ದು. ಒದ್ದೆ ಕೈ ಹಿಡಿದುಕೊಂಡು ಬಾಗಿಲಲ್ಲೇ ನಿಂತರು.