ಹುಸೇನಸಾಬರು ಕೆಡಿಸಿದ ತಗಡು

ಇವತ್ತು ಬೆಳಿಗ್ಗೆ ಒಲೆಯ ಮೇಲಿಟ್ಟ ಹಾಲು ಒಡೆಯಿತು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಗು ಬಂತು. ಹಾಲು ಒಡೆದರೆ ಯಾರಾದರೂ ನಗುತ್ತಾರೆಯೇ ಎನ್ನಬೇಡಿ. ಅದಕ್ಕೊಂದು ಹಳೆಯ ಕತೆಯಿದೆ. ಗದಗು ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ನಾನು ಅಲ್ಲಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತ, ಬಿಡುವಿನಲ್ಲಿ ಪಿಎಚ್.ಡಿ.ಗೆಂದು ಹೆಣಗುತ್ತಿದ್ದೆ. ಏನು ಓದುತ್ತೀ ಎಂದು ಅತ್ತೆ ಕೇಳಿದಾಗ, ನೀರು ಒಡೆಯುವುದನ್ನು ಎಂದುಬಿಟ್ಟೆ.

"ಹಾಲು ಒಡದಂಗ ನೀರೂ ಒಡಿತಾವೇನ? ನಳದಾಗ ನೀರು ಬಂದು ಹತ್ತು ದಿನಾ ಆತು. ಇದ್ದ ಎರಡು ಕೊಡಾನೂ ಒಡದು ಕುಂಡ್ರಬ್ಯಾಡ ನಮ್ಮವ್ವಾ!"

ಅತ್ತೆಯ ಚಿಂತೆ ಸುಳ್ಳಲ್ಲ. ಆದರೆ ನನ್ನ ಲೆಕ್ಕಕ್ಕೆ ಒಂದು ಲೋಟ ನೀರು ಸಾಕಿತ್ತು. ನೀರಿನಲ್ಲಿ ಎರಡು ತಗಡು ಇಳಿಸಿ ಕರೆಂಟು ಕೊಟ್ಟರೆ ಒಂದು ತಗಡಿನಿಂದ ಜಲಜನಕ, ಇನ್ನೊಂದರಿಂದ ಆಮ್ಲಜನಕ ಗುಳ್ಳೆಗುಳ್ಳೆಯಾಗಿ ಏಳುತ್ತವೆ. ಜಲಜನಕವನ್ನು ಉರಿಸಿದರೆ ಹೊಗೆಯಿಲ್ಲ, ಮತ್ತೆ ನೀರೇ ಆಗುತ್ತದೆ. ತಕರಾರೆಲ್ಲ ಆಮ್ಲಜನಕದ್ದು. ಅದು ಮಹಾ ಹಟಮಾರಿ, ಸುಮ್ಮನೆ ಹೊರಡುವುದಿಲ್ಲ, ಕರೆಂಟು ತಿನ್ನುತ್ತದೆ. ಅದನ್ನು ಪುಸಲಾಯಿಸಿ ಹೊರಡಿಸುವ ವೇಗವರ್ಧಕ ಬೇಕು. ನಾನು ನೆಚ್ಚಿದ್ದು ನಿಕ್ಕಲ್. ನಿಕ್ಕಲ್ ತಗಡನ್ನು ಕ್ಷಾರದ ನೀರಿನಲ್ಲಿಳಿಸಿ ಕರೆಂಟು ಹರಿಸಿದರೆ ಅದರ ಮೈಮೇಲೆ ಆಕ್ಸೈಡಿನ ಕಪ್ಪು ತೆಳುಪೊರೆ ಕಟ್ಟುತ್ತದೆ. ಕೆಲಸ ಮಾಡುವುದು ಆ ಪೊರೆ. ಕ್ಷಾರದಲ್ಲಿ ಕರಗದು, ದಿನಗಟ್ಟಲೆ ದುಡಿದರೂ ದಣಿಯದು. ಅತ್ತೆಯರು ಸೊಸೆಯಂದಿರಲ್ಲಿ ಹುಡುಕುವ ಗುಣಗಳೆಲ್ಲ ಅದಕ್ಕಿದ್ದವು, ನನಗಿರಲಿಲ್ಲ.

ತಗಡಿಗಾಗಿ ನಾನು ಹೋದದ್ದು ಗದಗಿಗೆ ಅಂಟಿಕೊಂಡ ಬೆಟಗೇರಿಯ ಹುಸೇನಸಾಬರ ಅಂಗಡಿಗೆ. ಸೈಕಲ್ ಹ್ಯಾಂಡಲ್ಲು, ಬಾಗಿಲ ಹಿಡಿ, ಬ್ಯಾಂಡಿನವರ ತುತ್ತೂರಿ, ಎಲ್ಲಕ್ಕೂ ನಿಕ್ಕಲ್ ಲೇಪ ಹಾಕಿ ಕನ್ನಡಿ ಮಾಡಿ ಕೊಡುತ್ತಿದ್ದರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿಂದ ಜನ ಚೀಲದಲ್ಲಿ ಸಾಮಾನು ಹೊತ್ತು ಬರುತ್ತಿದ್ದರು. "ಜಿಲ್ಲಾ ಆತಲ್ರಿ ಅಕ್ಕೋರ, ಈಗ ಎಲ್ಲಾರಿಗೂ ಹೊಳಿಯೂ ಬಾಗಲಾನ ಬೇಕು" ಎಂದು ನಗುತ್ತಿದ್ದರು. ಹುಸೇನಸಾಬರ ಅಂಗಡಿಯಿಂದ ಕಲೆಯಿದ್ದ ಸಾಮಾನು ಹೊರಬೀಳುವುದಿಲ್ಲ ಎಂಬ ಹೆಸರಿತ್ತು. ಆ ಹೆಸರೇ ಅವರ ಜೀವ.

ತಾಮ್ರದ ತಗಡಿಗೆ ನಿಕ್ಕಲ್ ಹಾಕಿ ಅವರು ಮೊದಲು ಕೊಟ್ಟದ್ದು ಎಂಥ ತಗಡು ಅಂತೀರಿ! ಒಂಚೂರು ಕರೆಂಟು ತೋರಿಸಿದರೆ ಸಾಕು, ಗುಳ್ಳೆಗಳು ಬುಸುಬುಸು ಏಳುತ್ತಿದ್ದವು. ತಿಂಗಳುಗಟ್ಟಲೆ ನನ್ನ ಕಾಲು ನೆಲದ ಮೇಲಿರಲಿಲ್ಲ. ಧಾರವಾಡದ ನನ್ನ ಮಾರ್ಗದರ್ಶಕರ ಮುಂದೆ "ಅಪ್ಪಟ ನಿಕ್ಕಲ್ ಸರ್" ಎಂದು ಜಂಬ ಕೊಚ್ಚಿದೆ. ಅವರು ಕನ್ನಡಕ ಒರೆಸಿಕೊಂಡು, "ಭೇಷ್. ಇಂಥಾವ ಇನ್ನೂ ಮೂರು ತಗಡು ತೋರಸ್ರಿ. ಇಲ್ಲಂದ್ರ ಇದನ್ನ ಒಪ್ಪಾಕ ಆಗೂದಿಲ್ಲ" ಎಂದರು. ನನ್ನ ಪಿಎಚ್.ಡಿ. ನೋಂದಣಿಯ ಅವಧಿ ಮುಗಿಯಲು ಎರಡೇ ತಿಂಗಳಿತ್ತು. ಮೂರು ತಗಡು ಬಾರದಿದ್ದರೆ ಐದು ವರ್ಷದ ಓದು ನೀರುಪಾಲು.

ಹುಸೇನಸಾಬರು ಮೂರು ಹೊಸ ತಗಡು ಮಾಡಿಕೊಟ್ಟರು. ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದು, ಅಷ್ಟು ಚೊಕ್ಕಟ. ನೀರಿಗಿಳಿಸಿದರೆ ಮೂರೂ ಮೈಗಳ್ಳರು! ಅಲ್ಲೊಂದು ಇಲ್ಲೊಂದು ಗುಳ್ಳೆ. ನನ್ನ ಸಿಟ್ಟು ನಿಮಗೆ ಗೊತ್ತಿಲ್ಲ, ಮೊದಲು ಬಾಯಿ ಓಡುತ್ತದೆ, ಬುದ್ಧಿ ಆಮೇಲೆ ಬರುತ್ತದೆ. ನೆಟ್ಟಗೆ ಬೆಟಗೇರಿಗೆ ಹೋಗಿ, ತುತ್ತೂರಿ ಹಿಡಿದು ನಿಂತಿದ್ದ ಲಕ್ಷ್ಮೇಶ್ವರದ ಬ್ಯಾಂಡಿನವರ ಎದುರಿಗೇ ಶುರುಮಾಡಿದೆ.

"ಸಾಬರ, ಮೊದಲನೇದು ಛಲೋ ಮಾಡಿ ನಂಬಿಸಿದ್ರಿ. ಈಗ ಹೆಂಗಸು ಅಂತ ಸದರಾ ಮಾಡಿ ಕೆಟ್ಟ ಮಾಲು ದಾಟಿಸೀರಿ!"

ಅವರ ಮುಖ ಕೆಂಪಾಯಿತು. ಗಿರಾಕಿಗಳ ಕಡೆ ನೋಡಿದರು, ನನ್ನ ಕಡೆ ನೋಡಿದರು.

"ಅಕ್ಕೋರ, ಇವು ಕೆಟ್ಟಿಲ್ಲ. ಕೆಟ್ಟದ್ದು ಮೊದಲನೇದು!"

ಆಗ ಅವರೇ ಹೇಳಿದರು. ಲೇಪದ ತೊಟ್ಟಿಯೊಳಗೆ ಸೈಕಲ್ಲಿನ ಕಬ್ಬಿಣದ ತುಣುಕೊಂದು ಬಿದ್ದು ಕರಗಿತ್ತು, ಇವರು ನೋಡಿರಲಿಲ್ಲ. ಅದರಲ್ಲೇ ಅದ್ದಿ ತೆಗೆದ ನನ್ನ ತಗಡು ಮಸುಕಾಗಿತ್ತು. "ಹೆಂಗೂ ನೀರಾಗ ಮುಳುಗಿಸೂದು, ಯಾರು ನೋಡ್ತಾರ ಅಂತ ಕೊಟ್ಟುಬಿಟ್ಟೆ. ಅವತ್ತಿಂದ ಜೀವಕ್ಕ ಸಮಾಧಾನ ಇಲ್ಲ. ಅದಕ್ಕ ತೊಟ್ಟಿ ತೊಳದು, ಹೊಸಾ ಮಸಾಲಿ ಹಾಕಿ ಈ ಮೂರು ಮಾಡೀನಿ. ನೀವು ಇವಕ್ಕ ಹೆಸರು ಇಡತೀರಿ."

ನನಗೆ ನಾಚಿಕೆಯಾಯಿತು. ಗಿರಾಕಿಗಳ ಮುಂದೆ ಅವರ ಬಾಯಿಂದ ಇದನ್ನು ಹೊರಡಿಸಿದವಳು ನಾನೇ. ಆದರೆ ಅದೇ ಗಳಿಗೆಯಲ್ಲಿ ಖುಷಿಯೂ ಆಯಿತು, ಅದನ್ನೂ ಮುಚ್ಚಿಡುವುದಿಲ್ಲ. ಕಬ್ಬಿಣ! ಒಬ್ಬಂಟಿ ನಿಕ್ಕಲ್ಲಿನ ಆಕ್ಸೈಡು ಸೋಮಾರಿ, ಅದರೊಳಗೆ ಕಬ್ಬಿಣ ಸೇರಿದರೆ ಮೈಕೊಡವಿ ಏಳುತ್ತದೆ. ಬೇರೆ ದೇಶದವರು ಇದನ್ನು ಆಗಲೇ ಬರೆದಿದ್ದರಂತೆ. ಓದಿರಬೇಕಾದವಳು ನಾನು ಓದಿರಲಿಲ್ಲ.

"ಸಾಬರ, ಇನ್ನೊಮ್ಮೆ ಕೆಡಸಿ ಕೊಡ್ರಿ" ಎಂದೆ.

"ಏನಂದ್ರಿ? ಗೊತ್ತಿದ್ದೂ ಗೊತ್ತಿದ್ದೂ ಕೆಡಸಲ್ಯಾ? ಆಗೂದಿಲ್ರಿ. ಕೈ ಏಳೂದಿಲ್ಲ."

ನಾನು ಅಲ್ಲೇ ಗಿರಾಕಿಗಳು ಕೂಡುವ ಬಾಕಿನ ಮೇಲೆ ಕುಳಿತು ಅತ್ತುಬಿಟ್ಟೆ. ಕಾಲೇಜಿನ ಅಕ್ಕೋರು ಪಾಲಿಶ್ ಅಂಗಡಿಯಲ್ಲಿ ಅಳುವುದನ್ನು ಬ್ಯಾಂಡಿನವರು ನೋಡಲಾರದೆ ಹೊರಗೆ ಹೋದರು. ಹುಸೇನಸಾಬರು ಚಹಾ ತರಿಸಿದರು. ಆ ಕಬ್ಬಿಣವೇ ನನ್ನ ಕೆಲಸ ಮಾಡಿದ್ದೆಂದೂ ಎರಡೇ ತಿಂಗಳು ಉಳಿದಿದೆಯೆಂದೂ ನಾನು ಹೇಳಿ ಮುಗಿಸುವಷ್ಟರಲ್ಲಿ ಅದು ಆರಿ ಕೆನೆಗಟ್ಟಿತ್ತು.

"ಆತು" ಎಂದರು ಕೊನೆಗೆ. "ಆದ್ರ ಕೆಡಸಾಕೂ ಒಂದು ಹದಾ ಬೇಕ್ರಿ. ಕಬ್ಬಿಣಾ ಎಷ್ಟು ಹಾಕಲಿ, ತೂಗಿ ಹೇಳ್ರಿ."

ದೊಡ್ಡ ತೊಟ್ಟಿಗೆ ಕೈ ಹಚ್ಚಗೊಡಲಿಲ್ಲ. ಮೂಲೆಯಲ್ಲೊಂದು ಪಿಂಗಾಣಿ ಭರಣಿ ಇಟ್ಟು, ಅದರಲ್ಲಿ ಚಿಟಿಕೆ ಚಿಟಿಕೆಯಾಗಿ ಕೆಡಿಸಿದೆವು. ಕಬ್ಬಿಣ ಕಡಿಮೆಯಾದರೆ ತಗಡು ತೂಕಡಿಸುತ್ತಿತ್ತು, ಹೆಚ್ಚಾದರೆ ಲೇಪ ಸುಲಿದು ಉದುರುತ್ತಿತ್ತು. ಕೊನೆಗೊಂದು ದಿನ ಮೂರು ತಗಡುಗಳೂ ಒಂದೇ ಸಮ ಬುಸುಗುಟ್ಟಿದವು. ಮಾರ್ಗದರ್ಶಕರ ಮುಂದೆ "ಅಪ್ಪಟ ಅಲ್ಲ ಸರ್" ಎಂದು ಒಪ್ಪಿಕೊಂಡೆ. ಪದವಿ ಬಂತು.

ಹುಸೇನಸಾಬರು ಕೇಳಿಕೊಂಡದ್ದು ಒಂದೇ. "ಪುಸ್ತಕದಾಗ ನನ್ನ ಹೆಸರು ಬರೀಬ್ಯಾಡ್ರಿ. ಸಾಬ ಕೆಟ್ಟ ಕೆಲಸಾ ಮಾಡಿದಾ ಅಂತ ಊರಾಗ ಆದೀತು." ಹಾಗಾಗಿ ಕೃತಜ್ಞತೆಯ ಪುಟದಲ್ಲಿ 'ಬೆಟಗೇರಿಯ ಹಿರಿಯರೊಬ್ಬರಿಗೆ' ಎಂದಷ್ಟೇ ಬರೆದೆ. ಆ ಸಾಲು ಕಂಡಾಗಲೆಲ್ಲ ನನಗೆ ಕಸಿವಿಸಿ.

ಈಗ ಪತ್ರಿಕೆ ತೆಗೆದರೆ ಜಲಜನಕದ ಮಾತು. ನಿಕ್ಕಲ್ಲು ಕಬ್ಬಿಣ ಕೂಡಿದ ಆಕ್ಸೈಡನ್ನು ಎಲ್ಲೆಲ್ಲೋ ತಯಾರಿಸುತ್ತಿದ್ದಾರೆ. ಇಷ್ಟು ಬರೆದು ಈಗಷ್ಟೇ ಹುಸೇನಸಾಬರಿಗೆ ಫೋನು ಮಾಡಿದೆ. ವಯಸ್ಸಾಗಿದೆ, ದನಿ ಮಾತ್ರ ಹಾಗೇ ಇದೆ.

"ಸಾಬರ, ನೀವು ಕೆಡಿಸಿದ್ರಲ್ಲಾ, ಅದನ್ನ ಈಗ ಜಗತ್ತಿನ ಮಂದಿ ಬೇಕಂತಲೇ ಮಾಡಾಕತ್ತಾರ."

"ಖರೇನ?"

"ಖರೇನ. ಅದನ್ನ ಬರಿಯಾಕತ್ತೀನಿ. ನಿಮ್ಮ ಹೆಸರು ಹಾಕೂದಿಲ್ಲ, ಹೆದರಬ್ಯಾಡ್ರಿ."

"ಹಾಕ್ರಿ" ಎಂದರು. "ಹುಸೇನಸಾಬ ಕೆಡಿಸಿದಾ ಅಂತ, ದಪ್ಪ ಅಕ್ಷರದಾಗ ಹಾಕ್ರಿ."

ಅಲ್ಲಿಯವರೆಗೆ ಈ ಹಾಳೆಗಳಲ್ಲಿ ಅವರು ಬಂದ ಕಡೆಯೆಲ್ಲ 'ಹಿರಿಯರು' ಎಂದೇ ಇತ್ತು. ಮೊದಲ ಹಾಳೆಯಿಂದ ಹಿಡಿದು ಒಂದೊಂದನ್ನೂ ಹೊಡೆದುಹಾಕಿ ಅವರ ಹೆಸರು ಬರೆದೆ.