ಅಕ್ಕ ಎತ್ತಿಟ್ಟ ಮಾತ್ರೆಗಳು

ಅಕ್ಕನ ಬೆರಳುಗಳು ಮೊದಲು ಊದಿಕೊಂಡದ್ದು ಮದುವೆಯಾದ ಎರಡನೆಯ ವರ್ಷದಲ್ಲಿ. ನಮ್ಮ ಮನೆ ಚಾಮರಾಜನಗರದಲ್ಲಿ. ಊರಾಚೆ ಅಪ್ಪನಿಗೆ ಅರಿಸಿನ ಬೆಳೆಯುವ ಒಂದಿಷ್ಟು ಹೊಲವಿತ್ತು. ಅಕ್ಕನನ್ನು ಗುಂಡ್ಲುಪೇಟೆಗೆ ಕೊಟ್ಟಿದ್ದರು. ಭಾವನದು ಈರುಳ್ಳಿ ವ್ಯಾಪಾರ. ಮನೆಯ ಮುಂದಿನ ಕೋಣೆಯ ತುಂಬ ರಾಶಿ. ಅಕ್ಕನೂ ಅವಳ ಅತ್ತೆಯೂ ಕೂತು ಕೊಳೆತದ್ದನ್ನು ಆರಿಸಿ ಎಸೆದು, ಒಳ್ಳೆಯದನ್ನು ಮೂಟೆಗೆ ತುಂಬುತ್ತಿದ್ದರು. ಕೇರಳದ ಕಡೆಗೆ ಹೋಗುವ ಲಾರಿ ಬಾಗಿಲಿಗೇ ಬಂದು ನಿಲ್ಲುತ್ತಿತ್ತು. ಆ ಕೆಲಸದಿಂದಲೇ ಬೆರಳು ನೋಯುತ್ತಿದೆ ಎಂದು ಎಲ್ಲರೂ ತಿಳಿದರು. ಕೆಲಸ ಬಿಡಿಸಿದರೂ ನೋವು ಬಿಡಲಿಲ್ಲ. ಬೆರಳಿನಿಂದ ಮಣಿಕಟ್ಟಿಗೆ, ಅಲ್ಲಿಂದ ಮಂಡಿಗೆ ಇಳಿಯಿತು. ಅವಳಿಗಿನ್ನೂ ಇಪ್ಪತ್ತೊಂದು.

ಒಂದು ಚಳಿಗಾಲ ಭಾವ ಬಂದು ಅಪ್ಪನ ಮುಂದೆ ಕೂತರು. ತುಂಬ ಹೊತ್ತು ಮಳೆ ಬೆಳೆ ಮಾತಾಡಿ ಕೊನೆಗೆ ಹೇಳಿದರು: "ಮಾವ, ಚಿಕ್ಕವಳ್ನ ಸ್ವಲ್ಪ ದಿನ ಕಳ್ಸಿಕೊಡಿ. ಬೆಳಿಗ್ಗೆ ಹೊತ್ತು ಅವಳ ಕೈಲಿ ನೀರಿನ ಚೊಂಬು ಹಿಡಿಯಕ್ಕೂ ಆಯ್ತಾ ಇಲ್ಲ."

ಹೀಗೆ ನಾನು ಹದಿನೈದನೆಯ ವಯಸ್ಸಿನಲ್ಲಿ ಅಕ್ಕನ ಮನೆಗೆ ಹೋದೆ. ಸ್ವಲ್ಪ ದಿನ ಎಂದದ್ದು ಮೂರು ವರ್ಷವಾಯಿತು.

ಬೆಳಿಗ್ಗೆ ಅವಳ ಕೈಗಳು ಮುಷ್ಟಿ ಕಟ್ಟಿಕೊಂಡಿರುತ್ತಿದ್ದವು. ಬಿಸಿನೀರಿನ ಪಾತ್ರೆಯಲ್ಲಿ ಅದ್ದಿಸಿ ಒಂದೊಂದೇ ಬೆರಳನ್ನು ನೀವುತ್ತಿದ್ದೆ. ಕಿರುಬೆರಳು ಮೊದಲು ಬಿಚ್ಚುತ್ತಿತ್ತು, ಹೆಬ್ಬೆರಳು ಎಲ್ಲಕ್ಕಿಂತ ಕಡೆಗೆ. ಆಮೇಲೆ ನಾನೇ ಅವಳಿಗೆ ಸೀರೆ ಉಡಿಸಿ, ಮುಖ ತೊಳೆಸಿ, ಕುಂಕುಮ ಇಡುತ್ತಿದ್ದೆ. ಹರಳೆಲೆ ಬಿಸಿ ಮಾಡಿ ಮಂಡಿಗೆ ಕಟ್ಟಿದೆವು. ಅವ್ವ ಅರಿಸಿನ ಅರೆದು ಡಬ್ಬಿಯಲ್ಲಿ ತುಂಬಿ ಕಳಿಸುತ್ತಿದ್ದಳು. ಊರಿನ ಡಾಕ್ಟರು ಕೊಟ್ಟ ನೋವಿನ ಮಾತ್ರೆ ನುಂಗಿದರೆ ಮಧ್ಯಾಹ್ನದ ಹೊತ್ತಿಗೆ ಏನೋ ಸ್ವಲ್ಪ ಹಗುರ. ಆದರೆ ಅದನ್ನು ನುಂಗಿ ನುಂಗಿ ಅವಳಿಗೆ ಕೂಗಿದ್ದು ಕೇಳಿಸದಾಯಿತು.

"ಕಿವೀಲಿ ಜೀರುಂಡೆ ಕೂತ್ಕಂಡು ಕೂಗ್ದಂಗೆ ಆಯ್ತದೆ ಕಣಮ್ಮಿ," ಎನ್ನುತ್ತಿದ್ದಳು. "ನೀನು ಗಟ್ಟಿಯಾಗಿ ಯೋಳು."

ಕನ್ನಡ ನಾಡೆಲ್ಲ ಒಂದಾಗಿ ಹೊಸ ರಾಜ್ಯವಾದ ಸುಮಾರಿನಲ್ಲಿ ಭಾವ ಅವಳನ್ನು ಮೈಸೂರಿಗೆ ಕರೆದುಕೊಂಡು ಹೋದರು. ಅಲ್ಲಿನ ದೊಡ್ಡ ಡಾಕ್ಟರು ಹೊಸದಾಗಿ ಬಂದಿದ್ದ ಮಾತ್ರೆ ಬರೆದುಕೊಟ್ಟರು. ಬಿಳಿಯ, ಚಿಕ್ಕ ಮಾತ್ರೆ. ಹೊಟ್ಟೆಗೆ ತಿಂದ ಮೇಲೆಯೇ ನುಂಗಬೇಕು, ಹೇಳಿದ್ದಕ್ಕಿಂತ ಹೆಚ್ಚು ನುಂಗಬಾರದು, ತಾನಾಗಿ ನಿಲ್ಲಿಸಲೂ ಬಾರದು ಎಂದು ಮೂರು ಸಲ ಹೇಳಿ ಕಳಿಸಿದ್ದರಂತೆ.

ನಾಲ್ಕನೆಯ ದಿನ ನಾನು ಎದ್ದು ನೋಡುತ್ತೇನೆ, ಅಕ್ಕ ಹಿತ್ತಿಲಲ್ಲಿ ಬಾವಿಯಿಂದ ನೀರು ಸೇದುತ್ತಿದ್ದಾಳೆ! ಓಡಿಹೋಗಿ ಹಗ್ಗ ಕಿತ್ತುಕೊಳ್ಳಲು ನೋಡಿದೆ. ಬಿಡಲಿಲ್ಲ. ಕೊಡ ತುಂಬಿ ಕೆಳಗಿಟ್ಟು, ಎರಡು ಕೈಗಳನ್ನೂ ನನ್ನ ಮುಖದ ಮುಂದೆ ಅಗಲಿಸಿ, ಮಡಿಸಿ, ಮತ್ತೆ ಅಗಲಿಸಿ ತೋರಿಸಿದಳು. ಕಣ್ಣಲ್ಲಿ ನೀರಿತ್ತು. ಆ ವರ್ಷ ಅವಳು ಒಬ್ಬಟ್ಟು ತಟ್ಟಿದಳು, ಈರುಳ್ಳಿ ಆರಿಸಿದಳು, ಜ್ವರ ಬಂದ ಅತ್ತೆಯನ್ನು ಎತ್ತಿ ಕೂರಿಸಿ ಗಂಜಿ ಕುಡಿಸಿದಳು.

ಮೈ ತುಂಬತೊಡಗಿದ್ದು ಆಮೇಲೆ. ಮೊದಲು ಕೆನ್ನೆ. ನಂತರ ಮುಖವೆಲ್ಲ ದುಂಡಗಾಗಿ ಕಣ್ಣು ಚಿಕ್ಕದಾಯಿತು. ಹೊಟ್ಟೆ ಮುಂದೆ ಬಂತು. ಬೀದಿಯ ಹೆಂಗಸರು ಅವಳನ್ನು ನೋಡಿ ನಗುನಗುತ್ತಾ ಮಾತಾಡಿಸತೊಡಗಿದರು. ಒಂದು ಶುಕ್ರವಾರ ಅತ್ತೆ ಎಲ್ಲಿಂದಲೋ ಹುಣಸೆಕಾಯಿ ತರಿಸಿ, ಹಸಿರು ಬಳೆಯ ಜೊತೆ ತಟ್ಟೆಯಲ್ಲಿಟ್ಟು ಅವಳ ಮುಂದೆ ಹಿಡಿದರು.

"ನೀನಾಗಿ ಯೋಳ್ತೀಯ ಅಂತ ಕಾಯ್ತಿದ್ದೆ ಕಣವ್ವ. ಎಷ್ಟು ತಿಂಗ್ಳು?"

ಅಕ್ಕ ತಟ್ಟೆಯನ್ನು ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ಮೆಲ್ಲಗೆ, "ಅತ್ತೆ, ಇದು ಮಾತ್ರೆ ಬಾವು. ಬ್ಯಾರೆ ಏನೂ ಇಲ್ಲ," ಎಂದಳು.

ಅತ್ತೆ ಕೆಟ್ಟವರಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಆದರೆ ಆ ದಿನದಿಂದ ಅಕ್ಕ ಬೀದಿ ಬಾಗಿಲಿಗೆ ಹೋಗುವುದನ್ನು ಬಿಟ್ಟಳು. ಕನ್ನಡಿಯನ್ನು ಗೋಡೆಯಿಂದ ಇಳಿಸಿ ನನ್ನ ಪೆಟ್ಟಿಗೆಯಲ್ಲಿ ಇಡಿಸಿದಳು.

ಮುಂದೆ ಎದೆಯ ಕೆಳಗೆ ಉರಿ ಶುರುವಾಯಿತು. ಖಾರ ಬಿಟ್ಟಳು, ಹುಳಿ ಬಿಟ್ಟಳು. ತೋಳು ಎಲ್ಲಿ ತಗುಲಿದರೂ ಚರ್ಮ ನೀಲಿಗಟ್ಟುತ್ತಿತ್ತು. ಮತ್ತೆ ಮೈಸೂರಿಗೆ ಹೋದಾಗ ಡಾಕ್ಟರು ಮಾತ್ರೆಯನ್ನು ತಿಂಗಳಿಂದ ತಿಂಗಳಿಗೆ ಕಡಿಮೆ ಮಾಡುತ್ತಾ ಬಂದು ದಿನಕ್ಕೆ ಒಂದಕ್ಕೆ ತಂದು ನಿಲ್ಲಿಸಿದರು. ನೋವು ಮರಳಿ ಬಂತು. ಬೆರಳುಗಳು ಈ ಸಲ ಊದುವುದಷ್ಟೇ ಅಲ್ಲ, ಒಂದು ಕಡೆಗೆ ವಾಲತೊಡಗಿದವು.

ಅಷ್ಟರಲ್ಲಿ ಹರವೆಯ ಕಡೆಯಿಂದ ನನಗೆ ಗಂಡು ಗೊತ್ತಾಯಿತು. ಮದುವೆಗೆ ಎರಡು ತಿಂಗಳಿತ್ತು. ಆ ಎರಡು ತಿಂಗಳೂ ಅಕ್ಕ ಮೊದಲಿಗಿಂತ ಹೆಚ್ಚು ಮಲಗಿಯೇ ಇರುತ್ತಿದ್ದಳು. ಹೊರಳಿದರೂ ನರಳುತ್ತಿದ್ದಳು. ನನಗೂ ಮದುವೆಯ ಗಡಿಬಿಡಿ, ಮನಸ್ಸೆಲ್ಲ ಊರ ಕಡೆ. ಒಂದು ಸಂಜೆ ಸಿಟ್ಟಿನಲ್ಲಿ ಅಂದುಬಿಟ್ಟೆ: "ಒಸಿ ಎದ್ದು ಕೂತ್ಕಬಾರ್ದಾ ಅಕ್ಕ? ನಾನು ಹೋದ್ಮೇಲೆ ಅತ್ತೆ ಒಬ್ರೇ ಎಷ್ಟು ಅಂತ ಮಾಡ್ತರೆ?"

ಅವಳು ಗೋಡೆ ಹಿಡಿದು ಎದ್ದು ಕೂತಳು. "ದಿಟ ಕಣಮ್ಮಿ," ಎಂದಳು ಅಷ್ಟೆ. ಈ ಮಾತನ್ನು ನಾನು ಯಾಕಾದರೂ ಆಡಿದೆನೋ ಎಂದು ಇವತ್ತಿಗೂ ಹಳಹಳಿಸುತ್ತೇನೆ.

ಮದುವೆ ಚಾಮರಾಜನಗರದ ನಮ್ಮ ಮನೆಯ ಮುಂದಿನ ಚಪ್ಪರದಲ್ಲಿ. ಮೊಗ್ಗಿನ ಜಡೆ ಹೆಣೆಯಲು ಅವ್ವ ಬೇರೊಬ್ಬರಿಗೆ ಹೇಳಿದ್ದಳು. ಧಾರೆಯ ದಿನ ಬೆಳಿಗ್ಗೆ ಅಕ್ಕ ಮಲ್ಲಿಗೆ ಮೊಗ್ಗಿನ ಬುಟ್ಟಿ ಹಿಡಿದು ನೆಟ್ಟಗೆ ನಡೆದು ಬಂದಳು.

"ಎಲ್ರೂ ಏಳಿ. ನನ್ ತಂಗಿ ಜಡೇನ ನಾನೇ ಮಾಡೋದು."

ಎರಡು ಗಂಟೆ ಹಿಡಿಯಿತು. ಒಂದೊಂದೇ ಮೊಗ್ಗನ್ನು ಸೂಜಿಯಲ್ಲಿ ಪೋಣಿಸಿ ಜಡೆಗೆ ಹೊಲಿದಳು. ಅವಳ ಬೆರಳುಗಳು ನನ್ನ ಬೆನ್ನ ಮೇಲೆ ಚುರುಕಾಗಿ ಓಡಾಡುತ್ತಿದ್ದವು. ನೋವು ತಾನಾಗಿ ಇಳಿದಿರಬೇಕು ಎಂದುಕೊಂಡು ನಾನು ಸಂತೋಷಪಟ್ಟೆ. ಆರತಿ ಎತ್ತಿದಳು, ಬಡಿಸಲೂ ನಿಂತಳು. ಅವಳು ಎರಡು ಸಲ ಸೆರಗಿನಿಂದ ಹೊಟ್ಟೆ ಒತ್ತಿ ಹಿಡಿದದ್ದನ್ನು ನೋಡಿದ್ದೆ. ಕೇಳಲಿಲ್ಲ.

ಮೂರನೆಯ ದಿನ ಹರವೆಗೆ ಅಪ್ಪನ ಆಳು ಬಂದ. ಅಕ್ಕ ರಕ್ತ ವಾಂತಿ ಮಾಡಿದಳು, ರೈಲಿನಲ್ಲಿ ಮೈಸೂರಿಗೆ ಕರೆದೊಯ್ದಿದ್ದಾರೆ ಎಂದ. ನಾನೂ ನನ್ನ ಯಜಮಾನರೂ ಆಸ್ಪತ್ರೆಗೆ ಹೋದಾಗ ಭಾವ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದರು. ಕೈಯಲ್ಲಿ ಮಡಿಸಿದ ಒಂದು ಖಾಲಿ ಪೊಟ್ಟಣ. ಅವಳ ಸೀರೆಯ ಮಡಿಕೆಯಲ್ಲಿ ಸಿಕ್ಕಿತಂತೆ. ಕೇಳಿದಾಗ ಅವಳೇ ಹೇಳಿದಳಂತೆ. ಎರಡು ತಿಂಗಳು ದಿನದ ಮಾತ್ರೆಯಲ್ಲಿ ಅರ್ಧ ಮುರಿದು ಎತ್ತಿಟ್ಟು, ಮದುವೆಯ ಎರಡು ದಿನದಲ್ಲಿ ಅಷ್ಟನ್ನೂ ನುಂಗಿದ್ದಳು. ಜೊತೆಗೆ ಹಳೆಯ ನೋವಿನ ಮಾತ್ರೆಯನ್ನೂ. ಅವಳು ಯಾಕೆ ಮಲಗಿಯೇ ಇರುತ್ತಿದ್ದಳು ಎಂಬುದು ನನಗೆ ಆ ಮೆಟ್ಟಿಲ ಮೇಲೆ ಗೊತ್ತಾಯಿತು.

ಒಳಗೆ ಅವಳ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. ನಾನು ಮಂಚದ ಪಕ್ಕ ಕೂತು ಅಳತೊಡಗಿದೆ.

"ಯಾಕಿಂಗೆ ಮಾಡ್ಬುಟ್ಟೆ ಅಕ್ಕ? ಜಡೆ ಯಾರ್ ಮಾಡಿದ್ರೆ ಏನಾಗ್ತಿತ್ತು?"

"ಮೂರು ವರ್ಷ ನೀನು ನನ್ ಮೈ ತೊಳ್ದಿದ್ದೀಯ. ಒಂದು ದಿನ ನಾನು ನಿಂಗೆ ಮಾಡ್ಬ್ಯಾಡ್ವಾ? ಅಳ್ಬ್ಯಾಡ ಬುಡು. ಮಾತ್ರೆ ವಿಷ್ಯ ಅವ್ವನ್ಗೆ ಯೋಳ್ಬ್ಯಾಡ."

ಆ ಸಲ ಉಳಿದಳು. ಡಾಕ್ಟರು ಹೊಸ ಮಾತ್ರೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿ ಪೂರ್ತಿ ನಿಲ್ಲಿಸಿದರು, ಹಳೆಯದೂ ಬೇಡವೆಂದರು. ಮುಖ ಮೊದಲಿನಂತೆ ಆಯಿತು, ಕೈ ಆಗಲಿಲ್ಲ. ಮಗನಿಗೆ ಇನ್ನೊಂದು ಮದುವೆ ಮಾಡುವ ಮಾತನ್ನು ಅತ್ತೆ ಎತ್ತಿದಾಗ ಭಾವ ಊಟದ ಎಲೆ ಬಿಟ್ಟು ಎದ್ದು ಹೋದರಂತೆ. ಅತ್ತೆ ಮತ್ತೆ ಆ ಮಾತು ಎತ್ತಲಿಲ್ಲ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ದಿನಾ ಎರಡು ಹೊತ್ತೂ ಅವರೇ ಸೊಸೆಗೆ ತಿನ್ನಿಸುತ್ತಿದ್ದರು. ಹಾಗೆ ಎರಡು ವರ್ಷ ಕಳೆಯಿತು. ಒಂದು ಮಳೆಗಾಲದ ಜ್ವರವನ್ನು ಅವಳಿಂದ ತಡೆಯಲಾಗಲಿಲ್ಲ.

ಸಾವಿನ ಸುದ್ದಿ ತಿಳಿದು ನಾನು ಗುಂಡ್ಲುಪೇಟೆ ಮುಟ್ಟುವ ವೇಳೆಗೆ ಅವಳಿಗೆ ಸ್ನಾನ ಮಾಡಿಸಿ ಅರಿಸಿನ ಹಚ್ಚಿ ಕೂರಿಸಿದ್ದರು. ಮುತ್ತೈದೆಯಾಗಿ ಹೋದವಳ ಕೈಗೆ ಎಲೆ ಅಡಿಕೆ ಕೊಡಬೇಕೆಂದು ನೆಂಟರ ಹೆಂಗಸೊಬ್ಬಳು ಅವಳ ಮುಷ್ಟಿಯನ್ನು ಬಿಡಿಸಲು ಬಲವಾಗಿ ಎಳೆದಳು. ಅಷ್ಟು ಹೊತ್ತೂ ಕಂಬಕ್ಕೆ ಒರಗಿ ಕೂತಿದ್ದ ಅತ್ತೆ ಎದ್ದುಬಂದು ಆ ಹೆಂಗಸಿನ ಕೈಯನ್ನು ತಳ್ಳಿದರು.

"ಬುಡವ್ವ, ಎಳೀಬ್ಯಾಡ. ಅವಳ್ಗೆ ನೋಯ್ತದೆ."

ಎಲೆ ಅಡಿಕೆಯನ್ನು ಅವಳ ಮಡಿಲಲ್ಲಿ ಇಟ್ಟೆವು.