ಜೋಳದ ಮೊಳಕೆ ಮತ್ತು ಒಂಬತ್ತು ಸಾಲಿನ ಸುದ್ದಿ

1961ರ ಬೇಸಿಗೆಯಲ್ಲಿ ಮೂಡಲಗಿಯ ಹೆಂಗಸರ ಅಡುಗೆ ವರ್ಗದ ಬಗ್ಗೆ ನಾನು ಬರೆದ ಒಂಬತ್ತು ಸಾಲಿನ ಸುದ್ದಿ ಪತ್ರಿಕೆಯಲ್ಲಿ ಅಚ್ಚಾಯಿತು. ಅದರ ಆರನೆಯ ಸಾಲು ತಪ್ಪಾಗಿತ್ತು.

ನಾನು ಆಗ ಗೋಕಾಕದಲ್ಲಿದ್ದು, ಗೋಕಾಕ ಮತ್ತು ಹುಕ್ಕೇರಿ ತಾಲೂಕುಗಳ ಸುದ್ದಿ ಕಳಿಸುತ್ತಿದ್ದೆ. ಅವ್ವ ಮೂಡಲಗಿಯಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದಳು. ವಯಸ್ಸು ನಲವತ್ತೈದರ ಆಚೀಚೆ. ಒಂದು ವರ್ಷದಿಂದ ಅವಳ ಪಾದ ಬಾಯುತ್ತಿತ್ತು, ಕೊಡ ಹೊತ್ತು ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತಿತ್ತು. ವರ್ಗ ನಡೆಸುತ್ತಿದ್ದ ಗ್ರಾಮಸೇವಿಕೆ ಮೈಸೂರು ಸೀಮೆಯವರು. ಮೊದಲ ದಿನವೇ ಅವ್ವನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆಯಾಗಿದೆ ಎಂದಿದ್ದರು.

ವರ್ಗಕ್ಕೆ ಬರುತ್ತಿದ್ದವರೆಲ್ಲ ಸೊಸೆಯನ್ನು ಕಂಡವರು. ಮಧ್ಯಾಹ್ನ ಮನೆ ಬಿಟ್ಟು ಹೊರಡುವ ಸ್ವಾತಂತ್ರ್ಯ ಇದ್ದದ್ದು ಅವರಿಗೆ ಮಾತ್ರ. ಮೂವತ್ತು ವರ್ಷ ಒಲೆ ಊದಿದವರಿಗೆ ಅಡುಗೆ ಕಲಿಸಲು ಬಂದ ಹುಡುಗಿ ಎಂದು ಮೊದಲು ನಕ್ಕರು. ಗಂಡಸರ ಊಟವಾಗುವವರೆಗೆ ಕಾಯದೆ ಒಂದು ಹಿಡಿ ಏನಾದರೂ ತಿನ್ನಿ ಎಂದು ಸೇವಿಕೆ ಹೇಳಿದಾಗ ಇನ್ನೂ ಜೋರಾಗಿ ನಕ್ಕರು.

"ಗಂಡಗ ಏನ ಹೇಳೂನ್ರಿ ಅಕ್ಕೋರ? ನಾ ಉಂಡೇನಿ, ನೀ ಉಳದಿದ್ದ ಉಣ್ಣ ಅಂತ ಹೇಳೂನೇನ?" ಎಂದಳು ಒಬ್ಬಳು.

"ಹೇಳಿ ನೋಡಿ. ಏನಂತಾರೆ ಅಂತ ಮುಂದಿನ ವಾರ ನನಗೂ ತಿಳಿಸಿ" ಎಂದರು ಸೇವಿಕೆ.

ಮೊಳಕೆ ಬರಿಸುವುದನ್ನು ಅವರು ಎರಡನೆಯ ವಾರ ಕಲಿಸಿದರು. ಹೆಸರುಕಾಳು, ಮಡಿಕೆಕಾಳು, ಕಡಲೆ: ಈ ಮೂರನ್ನೇ ಹೇಳಿದರು. ನಾನು ಬಾಗಿಲ ಹತ್ತಿರ ಕುಳಿತು ಮೂರನ್ನೂ ಬರೆದುಕೊಂಡೆ. ಸುದ್ದಿ ಬರೆಯುವಾಗ ಕೊಟ್ಟ ಜಾಗಕ್ಕಿಂತ ಎರಡು ಸಾಲು ಹೆಚ್ಚಾಯಿತು. ಕಾಳುಗಳ ಹೆಸರು, ಒಂದೊಂದನ್ನೂ ನೆನೆಸುವ ಹೊತ್ತು ಎಲ್ಲ ಹೊಡೆದುಹಾಕಿ, ಆರನೆಯ ಸಾಲಿನಲ್ಲಿ "ಮನೆಯಲ್ಲಿರುವ ಯಾವುದೇ ಧಾನ್ಯ" ಎಂದು ಮಾಡಿದೆ. ಪತ್ರಿಕೆ ಬಂದ ಮೇಲೆ ಅವ್ವನಿಗೆ ಓದಿ ಹೇಳಿದವನೂ ನಾನೇ.

ಮುಂದಿನ ಮಂಗಳವಾರ ನಾನು ಮತ್ತೆ ವರ್ಗಕ್ಕೆ ಹೋದೆ. ಹೆಂಗಸರು ತಮ್ಮ ತಮ್ಮ ಮೊಳಕೆಯ ಗಂಟು ಬಿಚ್ಚಿ ಯಾರದು ಉದ್ದ ಬಂದಿದೆ ಎಂದು ನೋಡುತ್ತಿದ್ದರು. ಅವ್ವನ ಬಟ್ಟೆಯಲ್ಲಿ ಬೆರಳುದ್ದದ ಮೊಳಕೆಗಳಿದ್ದವು, ತುದಿ ಹಸಿರಾಗಿತ್ತು. ಪಕ್ಕದಲ್ಲಿದ್ದದ್ದು ಎಮ್ಮೆ ವ್ಯಾಪಾರದ ಸಾಹೇಬರ ಹೆಂಡತಿ. ಆಕೆ ಬಗ್ಗಿ ಒಂದು ಎಳೆಯನ್ನು ಎತ್ತಿ ನೋಡಿದಳು.

"ಇದ ಜೋಳ ಅಲ್ಲೇನಕ್ಕಾ?"

"ಹೌದ. ಐದ ದಿನದ್ದು. ಮಡಿಕಿ ತೀರಿತ್ತು."

"ತಿಂದೀಯೇನ?"

"ಬರಾಕ ಮೊದಲ ಒಂದ ವಾಟಗಾ ತುಂಬ ತಿಂದ ಬಂದೆ. ಹಸೀದ ರುಬ್ಬಿ, ಮೊಸರ ಹಾಕಿ. ಸ್ವಲ್ಪ ಕಹಿ ಐತಿ."

ಸಾಹೇಬರ ಹೆಂಡತಿ ಎದ್ದು ನಿಂತಳು. "ಅಕ್ಕೋರ, ಇಲ್ಲಿ ಬರ್ರಿ. ಜೋಳದ ಎಳೀ ಚಿಗರು ತಿಂದ್ರ ಎಮ್ಮಿ ನಿಂತಲ್ಲೇ ಬೀಳತೈತ್ರಿ. ನಮ್ಮವು ಎರಡ ಸತ್ತಾವು."

ಅಲ್ಲಿದ್ದ ಪ್ರತಿಯೊಬ್ಬಳಿಗೂ ಆ ವಿಷಯ ಗೊತ್ತಿತ್ತು. ಜೋಳ ಕೊಯ್ದ ಹೊಲದಲ್ಲಿ ಕೂಳೆ ಚಿಗುರಿದರೆ ದನ ಬಿಡಬಾರದು ಎಂಬುದು ಅವ್ವನಿಗೂ ಗೊತ್ತಿತ್ತು. ಹೊಲದ ಚಿಗುರೂ ಬಟ್ಟೆಯೊಳಗಿನ ಮೊಳಕೆಯೂ ಒಂದೇ ಎಂದು ಅವಳಿಗೆ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಸೇವಿಕೆ ಬಟ್ಟೆಯ ಗಂಟನ್ನು ಕೈಗೆತ್ತಿಕೊಂಡರು. "ನಾನು ಜೋಳ ಹೇಳಿರಲಿಲ್ಲವಲ್ಲಮ್ಮ" ಎಂದರು. ಅವರ ಊರಲ್ಲಿ ರಾಗಿಯನ್ನು ಮೊಳಕೆ ಬರಿಸುತ್ತಿದ್ದರು, ಜೋಳ ಬೆಳೆಯುತ್ತಿರಲಿಲ್ಲ.

"ನೀವ ಹೇಳಿಲ್ರಿ. ಪೇಪರನ್ಯಾಗ ಬಂದೈತಿ, ಯಾವದಾದ್ರೂ ನಡೀತೈತಿ ಅಂತ" ಎಂದಳು ಅವ್ವ. "ಅಚ್ಚ ಹಾಕಿದ್ದು ಸುಳ್ಳ ಇರ್ತೈತೇನ್ರಿ?"

ಯಾರೂ ನನ್ನ ಕಡೆ ನೋಡಲಿಲ್ಲ. ಅಷ್ಟರಲ್ಲಿ ಅವ್ವ ಗೋಡೆಗೆ ಕೈ ಊರಿದಳು. ತಲೆ ತಿರುಗುತ್ತಿದೆ ಎಂದಳು.

ದನಕ್ಕೆ ಹೀಗಾದಾಗ ಊರವರು ಬೆಲ್ಲದ ನೀರು ಕುಡಿಸುತ್ತಾರೆ. ಸಾಹೇಬರ ಹೆಂಡತಿ ವರ್ಗಕ್ಕೆಂದು ತಂದಿಟ್ಟ ಬೆಲ್ಲವನ್ನು ಹಂಡೆಯ ನೀರಿಗೆ ಹಾಕಿ ಕಿವುಚಿದಳು. ಅವ್ವ ಎರಡು ಲೋಟ ಕುಡಿದು ಸಾಕು ಎಂದಳು.

"ಎಮ್ಮಿನೂ ಇಷ್ಟ ಹಟ ಮಾಡೂದಿಲ್ಲ. ಬಾಯಿ ತಗೀ!"

ಅವ್ವ ನಗಲು ಹೋಗಿ ವಾಂತಿ ಮಾಡಿದಳು. ವಾಂತಿಯಾಗಿದ್ದು ಒಳ್ಳೆಯದೋ ಕೆಟ್ಟದ್ದೋ ನಮಗಾರಿಗೂ ತಿಳಿಯಲಿಲ್ಲ.

ಗೋಕಾಕದ ಆಸ್ಪತ್ರೆಗೆ ಹೋಗೋಣವೆಂದರೆ ಬಸ್ಸಿಗೆ ಇನ್ನೂ ಎರಡು ತಾಸು ಇತ್ತು. ಪೇಟೆಯಲ್ಲಿ ಬೆಲ್ಲ ಹೇರಿಕೊಂಡು ನಿಂತಿದ್ದ ಲಾರಿಯ ಮುಂದಿನ ಸೀಟಿನಲ್ಲಿ ಅವ್ವನನ್ನು ಕೂರಿಸಿದೆವು. ಒಂದು ಕಡೆ ನಾನು, ಇನ್ನೊಂದು ಕಡೆ ಸೇವಿಕೆ. ಗೋಕಾಕದ ದಾರಿಯಲ್ಲಿ ಅವಳು ಎರಡು ಬಾರಿ ಕಣ್ಣು ಮುಚ್ಚಿದಳು. ಎರಡೂ ಬಾರಿ ಸೇವಿಕೆ ಅವಳ ಕೆನ್ನೆ ತಟ್ಟಿ, ಮೊಮ್ಮಕ್ಕಳು ಎಷ್ಟು ಎಂದು ಕೇಳಿದರು. ಮೊದಲ ಸಲ ಅವ್ವ ನಾಲ್ಕು ಎಂದಳು, ಅದು ಸರಿಯಾಗಿತ್ತು. ಎರಡನೆಯ ಸಲ ಉತ್ತರ ಬರಲಿಲ್ಲ. ನಾನು ಅವಳ ಮೂಗಿನ ಹತ್ತಿರ ಅಂಗೈ ಹಿಡಿದು ಕುಳಿತೆ. ಲಾರಿಯ ಗಾಳಿಯಲ್ಲಿ ಉಸಿರು ತಾಗುತ್ತಿದೆಯೇ ಎಂದು ಗೊತ್ತಾಗುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಮತ್ತೆ ಕಕ್ಕಿಸಿದರು. ಮೊಳಕೆ ಎಷ್ಟು ದಿನದ್ದು, ಹಸಿಯೋ ಬೇಯಿಸಿದ್ದೋ ಎಂದು ಕೇಳಿದರು.

"ಜೋಳದ ಹಸಿ ಮೊಳಕಿಯೊಳಗ ವಿಷ ಇರ್ತೈತಿ. ಎಷ್ಟ ಒಳಗ ಹೋಗೇತಿ ಅಂತ ನನಗ ಹೇಳಾಕ ಬರೂದಿಲ್ಲ. ಸಂಜೀತನಕ ಉಸಿರ ಹಿಂಗ ನಡದರ ನೋಡೂನು" ಎಂದು ಮುಂದಿನ ಹಾಸಿಗೆಗೆ ಹೋದರು.

ಸಂಜೆಯವರೆಗೆ ನಾವಿಬ್ಬರೂ ವರಾಂಡದ ಬೆಂಚಿನ ಮೇಲಿದ್ದೆವು. ಪತ್ರಿಕೆ ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಸೇವಿಕೆ ಒಮ್ಮೆ ಕೇಳಿದರು. ಹುಕ್ಕೇರಿ, ಸಂಕೇಶ್ವರ, ಅದರಾಚೆಯ ಹಳ್ಳಿಗಳಿಗೂ ಹೋಗುತ್ತದೆ ಎಂದೆ. ಅಲ್ಲೂ ಮನೆಮನೆಯಲ್ಲಿ ಇದ್ದದ್ದು ಜೋಳವೇ. ಸುದ್ದಿ ಅಚ್ಚಾಗಿ ಆರು ದಿನವಾಗಿತ್ತು. ನಾನು ಎದ್ದುಹೋಗಿ ಪತ್ರಿಕೆಗೆ ತಂತಿ ಕೊಟ್ಟು ಬಂದೆ.

ದೀಪ ಹಚ್ಚುವ ಹೊತ್ತಿಗೆ ಅವ್ವ ಕಣ್ಣು ಬಿಟ್ಟು ನೀರು ಕೇಳಿದಳು. ಮೂರನೆಯ ದಿನ ಮೂಡಲಗಿಗೆ ಕರೆದುಕೊಂಡು ಹೋದೆ. ಪಾದದ ಬಾವು ಹಾಗೆಯೇ ಇತ್ತು.

ಶುಕ್ರವಾರದ ಪತ್ರಿಕೆಯಲ್ಲಿ ತಿದ್ದುಪಡಿ ಬಂತು: ಜೋಳದ ಮೊಳಕೆ ತಿನ್ನಬಾರದು, ಹಿಂದಿನ ಸುದ್ದಿಯಲ್ಲಿ ತಪ್ಪಾಗಿದೆ. ಮೂರು ಸಾಲು, ಕೊನೆಯ ಪುಟ. ಮರುವಾರ ನಾನು ಬಸ್ಸಿನಲ್ಲಿ ಹುಕ್ಕೇರಿಗೆ ಹೋಗಿ ಆಸ್ಪತ್ರೆಯಲ್ಲಿ ವಿಚಾರಿಸಿದೆ. ಸುದ್ದಿ ಬಂದಂದಿನಿಂದ ತಿದ್ದುಪಡಿಯವರೆಗಿನ ಹತ್ತು ದಿನಗಳಲ್ಲಿ ವಾಂತಿ, ತಲೆಸುತ್ತು ಎಂದು ಇಬ್ಬರು ಹೆಂಗಸರು ಬಂದಿದ್ದರು. ಏನು ತಿಂದಿದ್ದರೆಂದು ಯಾರೂ ಕೇಳಿರಲಿಲ್ಲ. ಒಬ್ಬಳು ಗುಣವಾಗಿ ಹೋಗಿದ್ದಳು. ಇನ್ನೊಬ್ಬಳನ್ನು ಮನೆಯವರು ಅದೇ ದಿನ ಗಾಡಿಯಲ್ಲಿ ವಾಪಸ್ ಕರೆದೊಯ್ದಿದ್ದರು. ದಾಖಲೆಯಲ್ಲಿ ಅವಳ ಊರಿನ ಹೆಸರು ಇರಲಿಲ್ಲ.